ರಾತ್ರಿ ಊಟದ ಏರ್ಪಾಡು

ಅಪ್ಪ ಇವತ್ತು ಬರುತ್ತಾರೆ ಎಂಬ ವಿಷಯ, ಪ್ರೇಮಲೀಲಾ ಕಣ್ಣು ಬಿಡುವುದಕ್ಕೆ ಮೊದಲೇ ಅವಳ ಹೊಟ್ಟೆಯಲ್ಲಿ ಎದ್ದು ಕೂತಿತ್ತು. ಹಸಿವು ಯಾವುದು, ದಿಗಿಲು ಯಾವುದು ಎಂದು ಬಿಡಿಸಿ ನೋಡುವುದು ಈಚೆಗೆ ಅವಳಿಗೆ ಕಷ್ಟವಾಗಿತ್ತು. ಎರಡೂ ಪಕ್ಕೆಲುಬು ಮುಗಿಯುವ ಜಾಗದಲ್ಲೇ ಹಿಂಡುತ್ತಿದ್ದವು, ಎರಡೂ ಒಂದು ಲೋಟ ನೀರು ಕುಡಿದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದವು. ಮಲಗಿದ್ದಲ್ಲಿಂದಲೇ ಕೈ ಚಾಚಿ ಕೂಜದ ಮೇಲಿನ ತಟ್ಟೆ ಸರಿಸಿದಳು. ದಿನಾ ಸಂಜೆ ಮನೆಯೊಡತಿ ಅಂಬುಜಮ್ಮನವರು ಆ ಕೂಜವನ್ನು ತೊಳೆದು, ತುಂಬಿ, ಹಿತ್ತಾಳೆಯ ತಟ್ಟೆ ಮುಚ್ಚಿ, ಅವಳ ಕೋಣೆಯ ಹೊಸಿಲಿನ ಹೊರಗೆ ಇಟ್ಟು ಹೋಗುತ್ತಿದ್ದರು. "ನೀರಿಟ್ಟಿದೀನಿ ಕಣಮ್ಮ" ಎನ್ನುತ್ತಿದ್ದರು, ಅಷ್ಟೆ. ನೀರಿಗೆಂದು ನನ್ನ ಅಡಿಗೆಮನೆಯವರೆಗೆ ಬರಬೇಡ ಎಂದು ಅದರ ಅರ್ಥ, ಎಂದು ಪ್ರೇಮಲೀಲಾ ಮೊದಲ ದಿನವೇ ತಿಳಿದುಕೊಂಡಿದ್ದಳು. ಹಾಗೆ ತಿಳಿದುಕೊಂಡದ್ದನ್ನು ಯಾರ ಮುಂದೆಯೂ ಆಡಿರಲಿಲ್ಲ. ಆಡದೆ ಇಟ್ಟುಕೊಂಡದ್ದರಿಂದ ಅದು ದಿನದಿಂದ ದಿನಕ್ಕೆ ಹೆಚ್ಚು ನಿಜವಾಗುತ್ತ ಹೋಗಿತ್ತು.

ಹಿತ್ತಲಿನಲ್ಲಿ ಹಂಡೆಯ ಒಲೆಗೆ ಸೌದೆ ಒಟ್ಟುವ ಸದ್ದು ಕೇಳಿಸಿತು. ಅಂಬುಜಮ್ಮನವರ ಗಂಡ ಅರಮನೆಯ ಕಚೇರಿಯಲ್ಲಿದ್ದವರು, ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆಮೇಲೆ ಅವರು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಹೊಲಿಗೆ ಹೇಳಿಕೊಟ್ಟು ದಿನ ನೂಕಿ, ಈಗ ಮೈಸೂರಿನ ಲಕ್ಷ್ಮೀಪುರದ ಈ ಮನೆಯಲ್ಲಿ ಒಬ್ಬರೇ ಇದ್ದರು. ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದು ಬಾಡಿಗೆಯ ಆಸೆಗಲ್ಲ, ಮನೆಯಲ್ಲಿ ಇನ್ನೊಂದು ಉಸಿರು ಇರಲಿ ಎಂದು. ಹಾಗೆಂದು ಅವರೇ ಅಪ್ಪನ ಹತ್ತಿರ ಹೇಳಿದ್ದರು. ಈ ಮಾತು ನೆನಪಾದಾಗಲೆಲ್ಲ ಪ್ರೇಮಲೀಲಾಗೆ ತನ್ನ ಉಸಿರಿನ ಮೇಲೆ ಒಂದು ಎಚ್ಚರ ಬರುತ್ತಿತ್ತು. ರಾತ್ರಿ ಬಾಗಿಲು ಹಾಕಿಕೊಂಡು, ಸೆರಗಿನಲ್ಲಿ ಕಟ್ಟಿ ತಂದ ಕಡಲೆಪುರಿಯನ್ನು ಬಾಯಲ್ಲಿಟ್ಟು ನೆನೆಯಲು ಬಿಟ್ಟು, ಸದ್ದಾಗದಂತೆ ನುಂಗುವಾಗ, ಆಚೆ ಕಡೆ ಇಂಗಿನ ಒಗ್ಗರಣೆ ಚಟಪಟ ಎನ್ನುತ್ತಿತ್ತು. ಒಗ್ಗರಣೆಯ ಸದ್ದಿನಲ್ಲಿ ಎರಡು ಬಾರಿ ಗಟ್ಟಿಯಾಗಿ ಅಗಿಯಬಹುದು ಎಂದು ಅವಳು ಕಂಡುಕೊಂಡಿದ್ದಳು. ಕಂಡುಕೊಂಡ ದಿನ ತನ್ನ ಮೇಲೇ ಹೇಸಿಗೆಯಾಗಿತ್ತು.

"ನೀರು ಕಾದಿದೆ ಬಾರಮ್ಮ. ಇವತ್ತು ನಿಮ್ಮ ತಂದೆ ಬರ್ತಾರೆ ಅಂದ್ಯಲ್ಲ, ತಲೆಗೆ ಹಾಕ್ಕೊ. ಸೀಗೇಪುಡಿ ಗೂಡಲ್ಲಿದೆ."

"ಅವರು ಇಲ್ಲಿಗೆ ಬರೋದು ಅನುಮಾನ ಅಮ್ಮಾ. ಬಸ್ ಸ್ಟ್ಯಾಂಡಿಂದ ಹಂಗೇ ಅಂಗಡಿ ಕಡೆ ಹೋಗಿ, ಸಂಜೆ ಬಸ್ಸಿಗೆ ಹಿಂತಿರುಗಿಬಿಡ್ತಾರೆ."

"ಅದ್ಯಾಕೆ? ಮಗಳಿರೋ ಮನೆ ನೋಡ್ದೆ ಹೋಗ್ತಾರೇನೇ?" ಅಂಬುಜಮ್ಮನವರು ಹೊಗೆಗೆ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದರು. "ಬರೋಕೆ ಹೇಳು. ಜಗುಲಿ ಮೇಲೆ ಒಂದು ಗಳಿಗೆ ಕೂತು ಹೋಗ್ಲಿ."

ಜಗುಲಿ ಮೇಲೆ, ಎಂದುಕೊಂಡಳು ಪ್ರೇಮಲೀಲಾ.

ಅವಳು ಬೇಡುತ್ತಿದ್ದದ್ದು, ಅಪ್ಪ ಈ ಮನೆಗೆ ಬಾರದಿರಲಿ ಎಂದು. ಬಂದರೆ ಅವರು ಏನು ಮಾಡುತ್ತಾರೆ ಎಂಬುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ಕೊಳ್ಳೇಗಾಲದ ಮಿಡ್ಲ್ ಸ್ಕೂಲಿನ ಪ್ರಭುಸ್ವಾಮಿ ಮೇಷ್ಟ್ರು ಯಾರ ಮನೆಗೆ ಹೋದರೂ ಮೊದಲು ಕೈಮುಗಿಯುವವರು. ರಾತ್ರಿ ಊಟ ಇಲ್ಲೇ ಎಂದು ಅವಳು ಬರೆದ ಕಾಗದವನ್ನು ನಂಬಿ, ಇಲ್ಲಿ ಕೈಮುಗಿದು, ರಾತ್ರಿ ಹೊತ್ತು ನನ್ನ ಮಗಳಿಗೆ ಅನ್ನ ಹಾಕ್ತಿದೀರಿ ತಾಯಿ, ಎನ್ನುತ್ತಾರೆ. ಅಂಬುಜಮ್ಮನವರು, ನಾನೆಲ್ಲಿ ಹಾಕಿದೆ, ಅದು ಗುರುಸಿದ್ದಯ್ಯನವರ ಮನೇಲಿ, ಎನ್ನುತ್ತಾರೆ. ದೇವರಾಜ ಮೊಹಲ್ಲಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗುರುಸಿದ್ದಯ್ಯನವರ ಹೆಂಡತಿ ಶಿವನಂಜಮ್ಮ, ಅಯ್ಯೋ ನಮ್ಮಲ್ಲಿ ಬೆಳಿಗ್ಗೆ ಮಾತ್ರ, ರಾತ್ರಿಗೆ ಲಕ್ಷ್ಮೀಪುರದಲ್ಲಿ, ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಮಧ್ಯಾಹ್ನದ ಬಸ್ಸಿಗೆ ಬಂದ ಅಪ್ಪ ಸಂಜೆಯ ಬಸ್ಸಿಗೆ ಅವಳ ಟ್ರಂಕನ್ನು ಹೇರಿಸಿಕೊಂಡು ಹೊರಡುತ್ತಾರೆ. ಊರಿನಲ್ಲಿ ಅವ್ವ ಚಾಮರಾಜನಗರದ ಸಂಬಂಧವೊಂದನ್ನು ಬಿಡದೆ ಹಿಡಿದುಕೊಂಡಿದ್ದಳು. ಹೊರಡುವಾಗ ಅಪ್ಪ ಹೇಳಿದ್ದ ಮಾತೂ ಇತ್ತು, "ಸರಿಹೋಗದಿದ್ರೆ ಒಂದು ಮಾತು ಹೇಳವ್ವ, ಬಂದು ಕರ್ಕೊಂಡು ಹೋಗ್ಬುಡ್ತೀನಿ. ಓದು ಎಲ್ಲಿಗೆ ನಿಂತ್ರೂ ಓದೇ." ಅದು ಪ್ರೀತಿಯಿಂದ ಹೇಳಿದ ಮಾತು. ಅದಕ್ಕೇ ಅವಳಿಗೆ ಅದರ ಮೇಲೆ ಅಷ್ಟು ಭಯ.

ತಲೆಗೆ ಬಿಸಿನೀರು ಬಿದ್ದಾಗ ಕೊಯಮತ್ತೂರಿನ ಹಾಸ್ಟೆಲು ನೆನಪಾಯಿತು. ಅಲ್ಲಿ ತಣ್ಣೀರು. ಗಂಟೆ ಹೊಡೆಯುತ್ತಿತ್ತು, ಉದ್ದದ ಬೆಂಚಿನ ಮೇಲೆ ಕೂತು ಎಲ್ಲರೂ ಉಣ್ಣುತ್ತಿದ್ದರು, ಎದ್ದು ಹೋಗುತ್ತಿದ್ದರು. ಅನ್ನ ಮುದ್ದೆಯಾಗಿರುತ್ತಿತ್ತು, ಸಾರಿಗೆ ಯಾವ ರುಚಿಯೂ ಇರುತ್ತಿರಲಿಲ್ಲ. ಆದರೆ ಊಟ ಆಯ್ತಾ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹಸಿವಿಗೆ ಮಾತೇ ಬೇಕಾಗಿರಲಿಲ್ಲ, ಗಂಟೆಯೊಂದಿದ್ದರೆ ಸಾಕಾಗಿತ್ತು. ಆಮೇಲೆ ರಾಜ್ಯಗಳ ವಿಂಗಡಣೆಯಲ್ಲಿ ಕೊಳ್ಳೇಗಾಲ ಮದರಾಸಿನಿಂದ ಮೈಸೂರಿಗೆ ಸೇರಿತು. ಕೊಯಮತ್ತೂರಿನ ಫೀಜಿನ ರಿಯಾಯಿತಿ ನಿಂತಿತು. ನಮ್ಮ ಯೂನಿವರ್ಸಿಟಿಯೇ ಇರುವಾಗ ಪರಸ್ಥಳ ಯಾಕೆ ಎಂದು ಅಪ್ಪ ಬಿ.ಎ. ಕೊನೆಯ ವರ್ಷಕ್ಕೆ ಅವಳನ್ನು ಇಲ್ಲಿಗೆ ವರ್ಗ ಮಾಡಿಸಿದರು. ಸರ್ಟಿಫಿಕೇಟುಗಳು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಬರುವಷ್ಟರಲ್ಲಿ ಹಾಸ್ಟೆಲು ತುಂಬಿಹೋಗಿತ್ತು. ವಾರ್ಡನ್ ಕೆಟ್ಟ ಹೆಂಗಸಲ್ಲ. ಅಪ್ಪನನ್ನು ಕೂರಿಸಿ, ಕುಡಿಯಲು ನೀರು ತರಿಸಿ, "ಮೊದಲನೇ ವರ್ಷದಿಂದ ಇಲ್ಲೇ ಇದ್ದೋರಿಗೇ ಜಾಗ ಸಾಲದು. ನಡುವಲ್ಲಿ ಬಂದೋರನ್ನ ಎಲ್ಲಿ ಮಲಗಿಸ್ಲಿ, ನೀವೇ ಹೇಳಿ ಮೇಷ್ಟ್ರೇ" ಎಂದಿದ್ದರು. ನಡುವಲ್ಲಿ ಬಂದೋರು ಎಂಬ ಮಾತು ಆಗ ಅವಳಿಗೆ ತಟ್ಟಿರಲಿಲ್ಲ. ಈಗ ದಿನಾ ಬೆಳಿಗ್ಗೆ ಒದ್ದೆ ಜಡೆಯನ್ನು ಬೆನ್ನ ಮೇಲೆ ಬಿಟ್ಟುಕೊಂಡು, ಮಲಗುವ ಮನೆಯಿಂದ ಉಣ್ಣುವ ಮನೆಗೆ ಪುಸ್ತಕ ಎದೆಗವಚಿಕೊಂಡು ನಡೆಯುವಾಗ ಅದು ತಟ್ಟುತ್ತಿತ್ತು.

ಆ ಒಂದು ದಿನದಲ್ಲೇ ಅಪ್ಪ ಎರಡು ಏರ್ಪಾಡೂ ಮಾಡಿ ಮುಗಿಸಿದ್ದರು. ದೂರದ ಬಳಗವಾದ ಗುರುಸಿದ್ದಯ್ಯನವರ ಮನೆ ಅಂಗಡಿಯ ಮೇಲಿನ ಎರಡು ಕೋಣೆ. ಮಕ್ಕಳು, ಮೈದುನ, ಓರಗಿತ್ತಿ ಎಲ್ಲ ಸೇರಿ ಕಾಲು ಚಾಚಲು ಜಾಗವಿಲ್ಲ. "ಮಲಗೋಕೆ ಬೇರೆ ಕಡೆ ನೋಡೋಣ, ಊಟದ ಮಾತು ಬುಡಿ ಮೇಷ್ಟ್ರೇ" ಎಂದು ಅವರು, ತಮ್ಮ ಹಳೇ ಗಿರಾಕಿ ಅಂಬುಜಮ್ಮನವರ ಮನೆಗೆ ಕರೆದುಕೊಂಡು ಬಂದಿದ್ದರು. ಅಂಬುಜಮ್ಮನವರು ಕಾಫಿ ತರಲೇ ಎಂದು ಕೇಳಿದಾಗ ಅಪ್ಪ, "ಬೇಡಿ ತಾಯಿ, ಅಭ್ಯಾಸ ಇಲ್ಲ" ಎಂದು ಕೈಮುಗಿದಿದ್ದರು. "ಊಟದ್ದು ಏರ್ಪಾಡಾಗಿದೆ, ನಿಮಗೇನೂ ತೊಂದರೆ ಕೊಡಲ್ಲ." ಅಂಬುಜಮ್ಮನವರ ಮುಖದಲ್ಲಿ ಏನೋ ಒಂದು ಮಡಿಚಿಕೊಂಡಂತಾಗಿ, "ಆಗ್ಲಿ" ಎಂದಿದ್ದರು. "ಆದ್ರೆ ದೀಪ ಹಚ್ಚೋ ಹೊತ್ತಿಗೆ ಹುಡುಗಿ ಮನೇಲಿರ್ಬೇಕು." ಅಪ್ಪ ಬಹಳ ಸಂತೋಷದಿಂದ ಒಪ್ಪಿದ್ದರು. ದೀಪ ಹಚ್ಚುವ ಹೊತ್ತಿಗೆ ಇಲ್ಲಿರಬೇಕಾದವಳು ದೀಪ ಹಚ್ಚಿದ ಮೇಲಿನ ಊಟಕ್ಕೆ ಅಲ್ಲಿರುವುದು ಹೇಗೆ ಎಂದು ಮೂವರು ದೊಡ್ಡವರಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಪ್ರೇಮಲೀಲಾ ಒಬ್ಬಳಿಗೇ. ಆಗ ಅವಳು ಬಾಯಿ ಬಿಟ್ಟಿದ್ದರೆ ಅದು ಅರ್ಧ ನಿಮಿಷದ ಮಾತಾಗಿತ್ತು.

ಮಾರನೆಯ ದಿನ ಶಿವನಂಜಮ್ಮ ಕೇಳಿದ್ದರು. "ರಾತ್ರಿಗೆ ಆಯಮ್ಮನ ಮನೇಲಿ ಏರ್ಪಾಡಾಗ್ಯದಲ್ವಾ?" ಎಂದು. ಉತ್ತರವನ್ನು ಒಳಗಿಟ್ಟುಕೊಂಡೇ ಬಂದ ಪ್ರಶ್ನೆ ಅದು. ಆ ಹೊತ್ತಿಗೆ ಅವರ ಕೈಯಲ್ಲಿ ಅನ್ನದ ಪಾತ್ರೆ ತಳ ಕಂಡಿತ್ತು, ಓರಗಿತ್ತಿ ಇನ್ನೂ ಉಂಡಿರಲಿಲ್ಲ. ಪ್ರೇಮಲೀಲಾ "ಹೂಂ" ಎಂದಳು. ಆ ಸಂಜೆ ಅಂಬುಜಮ್ಮನವರು ನಡುಮನೆಯಿಂದಲೇ, "ಊಟ ಆಯ್ತೇನಮ್ಮ? ನಿಮ್ಮಲ್ಲಿ ಬೇಗ ಅಲ್ವೇ?" ಎಂದರು. ಅವಳು "ಆಯ್ತು" ಎಂದಳು. ಆಮೇಲೆ ದಿನಾ ಅವರು ಕೇಳಿದರು, ದಿನಾ ಅವಳು ಆಯ್ತು ಎಂದಳು. ಊಟ ಆಯ್ತಾ ಎಂದು ಕೇಳಿದರೆ ಆಯ್ತು ಎನ್ನಬೇಕು, ಬಡಿಸಲು ಬಂದರೆ ಸಾಕು ಎನ್ನಬೇಕು ಎಂದೇ ಅವಳನ್ನು ಬೆಳೆಸಿದ್ದರು. ಊರಿನಲ್ಲಿ ಹಾಗಂದರೆ ಯಾರೂ ಒಪ್ಪುತ್ತಿರಲಿಲ್ಲ, ರಟ್ಟೆ ಹಿಡಿದು ಎಲೆಯ ಮುಂದೆ ಕೂರಿಸುತ್ತಿದ್ದರು. ಇಲ್ಲಿಯವರು ಅವಳ ಮಾತನ್ನು ನಂಬಿದರು.

ಇವತ್ತೂ ಶಿವನಂಜಮ್ಮನವರ ಮನೆಯ ಮೂಲೆಯಲ್ಲಿ ಕೂತು ಅವಳು ಲಿಂಗಪೂಜೆ ಮುಗಿಸಿದಳು. ಮಕ್ಕಳು ಅವಳ ಪುಸ್ತಕಗಳ ಮೇಲೆ ಹತ್ತಿ ಇಳಿದು ಮಾಡುತ್ತಿದ್ದವು. ಶಿವನಂಜಮ್ಮ ತಟ್ಟೆಗೆ ಮುದ್ದೆ ಹಾಕಿ, ಮೇಲೆ ಉಪ್ಪುಸಾರು ಬಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಅಲ್ಲ ಕಣವ್ವ, ಬೆಳಿಗ್ಗೆ ಬೆಳಿಗ್ಗೇನೇ ಒಳ್ಳೇ ಗದ್ದೆ ಗೆಯ್ದೋಳಂಗೆ ಉಣ್ತೀಯ. ಮೈಗೆ ಮಾತ್ರ ಒಂದು ಚೂರೂ ಹತ್ತಲ್ಲ. ಎಲ್ಲಿಗೆ ಹೋಯ್ತದೆ ಅದು, ಪುಸ್ತಕಕ್ಕಾ?"

ಓರಗಿತ್ತಿ ನಕ್ಕಳು. "ಅಕ್ಕ, ಬಿಟ್ಟುಬುಡಿ, ಮಗು ನಾಚ್ಕೊಳ್ತದೆ."

"ನಾಚ್ಕೊಂಡ್ರೆ ನಾಚ್ಕೊಳ್ಳಿ. ಇವತ್ತು ಅವರಪ್ಪ ಬತ್ತಾರೆ. ಏನಮ್ಮಾ ನನ್ನ ಮಗಳಿಗೆ ಅನ್ನ ಇಕ್ಕಿದ್ರೋ ಮಣ್ಣು ಇಕ್ಕಿದ್ರೋ ಅಂತ ಕೇಳಿದ್ರೆ ನಾನೇನನ್ನಲಿ? ರಾತ್ರಿ ಆಯಮ್ಮ ಸರಿಯಾಗಿ ಇಕ್ಕಲ್ವೇನೋ ಕಣೆ. ಬ್ರಾಹ್ಮಣರ ಮನೆ ಊಟ, ತಿಳಿಸಾರು ಕುಡಿದು ಎದ್ದೇಳೋದು."

"ಚೆನ್ನಾಗೇ ಇಕ್ತಾರೆ ಚಿಕ್ಕವ್ವ" ಎಂದಳು ಪ್ರೇಮಲೀಲಾ. ಈ ಸುಳ್ಳಿನಲ್ಲಿ ಅಂಬುಜಮ್ಮನವರ ಮಾನ ಕಾಯುವ ಧಾಟಿಯೊಂದು ಇತ್ತು, ಅದು ಅವಳಿಗೇ ಆಶ್ಚರ್ಯವಾಯಿತು. "ನಿನ್ನೆ ಹುಳಿ ಮಾಡಿದ್ರು. ಕುಂಬಳಕಾಯಿದು." ಹೌದು, ಮಾಡಿದ್ದರು. ವಾಸನೆ ಬಂದಿತ್ತು.

ಗೋಕುಲಾಷ್ಟಮಿಯ ಮಾರನೆಯ ದಿನ ಅಂಬುಜಮ್ಮನವರು ಬಾಳೆಲೆಯ ಒಂದು ಪೊಟ್ಟಣ ಹಿಡಿದು ಅವಳ ಬಾಗಿಲಿಗೆ ಬಂದು ನಿಂತದ್ದನ್ನು ಅವಳು ಇಷ್ಟು ದಿನದಿಂದ ಮರೆಯಲಾಗದೆ ಒದ್ದಾಡುತ್ತಿದ್ದಳು. ಚಕ್ಕುಲಿಯ ತುಪ್ಪದ ವಾಸನೆ ಪೊಟ್ಟಣದ ಹೊರಗೆ ಹರಡಿತ್ತು. ಅವರು ಒಳಗೂ ಬರದೆ, ಹೊರಗೂ ಹೋಗದೆ ಸ್ವಲ್ಪ ಹೊತ್ತು ತಡವರಿಸಿ, ಪೊಟ್ಟಣವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, "ನಿನಗೆ ಅಂತಲ್ಲ. ಯಾರಿಗಾದ್ರೂ ಕೊಟ್ಬಿಡು" ಎಂದು ಹೇಳಿ ಹೋಗಿದ್ದರು. ನಿನಗೆ ಅಂತಲ್ಲ! ಅವಳು ಅದನ್ನು ಮುಟ್ಟದೆ ರಾತ್ರಿಯೆಲ್ಲ ಅದರ ಜೊತೆ ಮಲಗಿ, ಬೆಳಿಗ್ಗೆ ತಂದು ಶಿವನಂಜಮ್ಮನವರ ಮಕ್ಕಳಿಗೆ ಹಂಚಿದ್ದಳು. ಮಕ್ಕಳು ಕುಟುಕುಟು ಕಡಿದು ತಿನ್ನುವುದನ್ನು ನೋಡುತ್ತ, ತಾನು ಗೆದ್ದೆ ಎಂದುಕೊಂಡಿದ್ದಳು.

ಕಾಲೇಜಿನಲ್ಲಿ ಮಧ್ಯಾಹ್ನದ ಮೊದಲ ಪೀರಿಯಡ್ಡು ಚರಿತ್ರೆ. ಲೆಕ್ಚರರು ಫ್ರಾನ್ಸಿನ ರೊಟ್ಟಿಯ ಗಲಭೆಗಳ ವಿಷಯಕ್ಕೆ ಬಂದಿದ್ದರು. ಕ್ಲಾಸಿನಲ್ಲಿ ಒಂದು ಸೂಜಿ ಬಿದ್ದರೂ ಕೇಳಿಸುವಂಥ ಮೌನವಿದ್ದಾಗ ಪ್ರೇಮಲೀಲಾಳ ಹೊಟ್ಟೆ ಉದ್ದಕ್ಕೆ, ಸರಾಗವಾಗಿ, ಬಾಗಿಲು ಕಿರುಗುಟ್ಟಿದಂತೆ ಸದ್ದು ಮಾಡಿತು. ಮುಂದಿನ ಸಾಲಿನ ಎರಡು ಜಡೆಗಳು ಅಲುಗಿದವು. ಆ ಕ್ಷಣದಲ್ಲೇ ಪಕ್ಕದಲ್ಲಿದ್ದ ಶಾರದ ಕೆಮ್ಮತೊಡಗಿದಳು. ಕೆಮ್ಮಿ, ಕೆಮ್ಮಿ, ಕಣ್ಣಲ್ಲಿ ನೀರು ಬರಿಸಿಕೊಂಡು, "ಎಕ್ಸ್‌ಕ್ಯೂಸ್ ಮಿ ಸರ್" ಎಂದು ಎದ್ದು ಹೋಗಿ ನೀರು ಕುಡಿದು ಬಂದಳು. ಶಾರದಳೊಡನೆ ಅವಳಿಗೆ ಹೇಳಿಕೊಳ್ಳುವಂಥ ಸ್ನೇಹವಿರಲಿಲ್ಲ. ಕೊಯಮತ್ತೂರಿನಿಂದ ಬಂದವಳೆಂದು ಹುಡುಗಿಯರು ತಮಿಳಿನ 'ಹೌದು' ಹಿಡಿದು ಅವಳನ್ನು 'ಆಮಾ' ಎಂದು ಕರೆಯುತ್ತಿದ್ದಾಗ ಶಾರದಳೂ ನಗುತ್ತಿದ್ದಳು. ಈಗ ಆ ಕೆಮ್ಮು ನಿಜವಾದದ್ದೋ ಅಲ್ಲವೋ ಎಂದು ಪ್ರೇಮಲೀಲಾ ಅವಳ ಮುಖವನ್ನೇ ನೋಡಿದಳು. ಶಾರದ ನೋಟ್ಸು ಬರೆದುಕೊಳ್ಳುತ್ತಿದ್ದಳು. ಉಪಕಾರ ಮಾಡಿದವರ ಮುಖ ಹಾಗೆ ಇರಬಹುದೇ, ಏನೂ ಮಾಡದವರ ಹಾಗೆ? ಹಾಗಿದ್ದರೆ ತನಗೆ ತಿಳಿಯದೆ ಇನ್ನೆಷ್ಟು ಜನ ಕೆಮ್ಮಿದ್ದಾರೋ ಎಂದು ಯೋಚನೆ ಬಂತು. ಆ ಯೋಚನೆಯೂ ಸುಖವಾಗಿರಲಿಲ್ಲ. ಅವಮಾನವಾದರೆ ತನ್ನದೇ ಆಗಿರುತ್ತದೆ, ಅದಕ್ಕೆ ಯಾರ ಹಂಗೂ ಇಲ್ಲ.

ಕೊನೆಯ ಪೀರಿಯಡ್ಡು ಬಿಟ್ಟು ಬಸ್ ಸ್ಟ್ಯಾಂಡಿಗೆ ನಡೆದಳು. ಅಪ್ಪನನ್ನು ಇಳಿದ ಕೂಡಲೇ ಹಿಡಿದು ಗುರುಸಿದ್ದಯ್ಯನವರ ಅಂಗಡಿಗೆ ಕರೆದೊಯ್ಯುವುದು. ಅಂಗಡಿಯಲ್ಲಿ ಗಂಡಸರ ಮಾತು, ಮಳೆ, ಬೆಳೆ, ರೇಷ್ಮೆಗೂಡಿನ ಧಾರಣೆ. ಮೇಲೆ ಹತ್ತಿ ಶಿವನಂಜಮ್ಮನವರನ್ನು ಮಾತಾಡಿಸುವಷ್ಟರಲ್ಲಿ ಸಂಜೆಯ ಬಸ್ಸಿನ ಹೊತ್ತು. ಲೆಕ್ಕ ಸರಿಯಾಗಿತ್ತು. ಆದರೆ ಕೊಳ್ಳೇಗಾಲದ ಬಸ್ಸು ಬರಲಿಲ್ಲ. ನರಸೀಪುರದ ಹತ್ತಿರ ಬಸ್ಸು ಕೆಟ್ಟು ನಿಂತಿದೆ, ಜನ ಸಿಕ್ಕಿದ್ದು ಹತ್ತಿಕೊಂಡು ಬರುತ್ತಿದ್ದಾರೆ ಎಂದು ಕಂಡಕ್ಟರೊಬ್ಬ ಹೇಳಿದ. ಅವಳು ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಸರಿಯುತ್ತ ಬಹಳ ಹೊತ್ತು ಕಾದಳು. ಬಸ್ಸು ಕೆಟ್ಟದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಎನಿಸಿತು. ಅಪ್ಪ ಅಲ್ಲಿಂದಲೇ ಹಿಂತಿರುಗಿರಬಹುದು. ಮತ್ತೆ, ಬಿಸಿಲಿನಲ್ಲಿ ರಸ್ತೆಯ ಪಕ್ಕ ಛತ್ರಿ ಬಿಡಿಸಿಕೊಂಡು ನಿಂತ ಅಪ್ಪನ ಚಿತ್ರ ಕಣ್ಣಿಗೆ ಬಂದು, ಅವರು ಹಿಂತಿರುಗಲಿ ಎಂದು ಬಯಸಿದ್ದಕ್ಕೆ ನಾಲಿಗೆ ಒಣಗಿತು. ಬಿಸಿಲು ಇಳಿದ ಮೇಲೆ, ದೀಪ ಹಚ್ಚುವ ಹೊತ್ತು ಮೀರೀತೆಂದು ಲಕ್ಷ್ಮೀಪುರದ ಕಡೆ ಕಾಲು ಹಾಕಿದಳು.

ಅಪ್ಪ ಜಗುಲಿಯ ಮೇಲೆ ಕೂತಿದ್ದರು.

ಕಂಬಕ್ಕೆ ಛತ್ರಿ ಒರಗಿಸಿ, ಪಂಚೆಯ ಅಂಚನ್ನು ಮೊಣಕಾಲ ಕೆಳಗೆ ಸಿಕ್ಕಿಸಿಕೊಂಡು, ಕಡಮೆ ಜಾಗ ಹಿಡಿಯುವವರಂತೆ ಕೂತಿದ್ದರು. ಬಾಗಿಲಿನಲ್ಲಿ ಅಂಬುಜಮ್ಮನವರು ನಿಂತಿದ್ದರು. ಇಬ್ಬರ ಮುಖದಲ್ಲೂ ನಗುವಿತ್ತು. ಪ್ರೇಮಲೀಲಾ ಗೇಟಿನ ಬಳಿಯೇ ನಿಂತಳು. ಆಯಿತು, ಎಲ್ಲ ಗೊತ್ತಾಗಿದೆ, ಗೊತ್ತಾಗಿಯೂ ನಗುತ್ತಿದ್ದಾರೆ ಎಂದುಕೊಂಡಳು.

"ಬಂದ್ಯಾ! ಆಲೂಗೆಡ್ಡೆ ಲಾರಿಲಿ ಬಂದ್ಬುಟ್ಟೆ ಕಣವ್ವ" ಎಂದರು ಅಪ್ಪ. "ಅಗ್ರಹಾರದ ಹತ್ತಿರ ಇಳಿಸ್ದ. ಅಲ್ಲಿಂದ ಇದೇ ಹತ್ರ ಅಂತ ಇಲ್ಲಿಗೇ ಬಂದೆ. ಈ ತಾಯಿ ಜೊತೆ ಮಾತಾಡ್ತಾ ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ."

"ನಿಮ್ಮ ತಂದೆ ಒಂದೇ ಸಮ ಉಪಕಾರ ಉಪಕಾರ ಅಂತಾರೆ" ಎಂದರು ಅಂಬುಜಮ್ಮ. "ನನ್ನ ಮಗಳನ್ನ ನೀವೇ ಸಾಕ್ತಿದೀರಿ ಅಂತ. ನಾನೇನು ಮಾಡಿದೀನಿ ಮೇಷ್ಟ್ರೇ, ಎಲ್ಲಾ ಗುರುಸಿದ್ದಯ್ಯನವರ ಮನೆಯೋರದು ಅಂದೆ."

"ಮಾಡಿದ್ದನ್ನ ಮಾಡ್ಲಿಲ್ಲ ಅನ್ನೋದು ದೊಡ್ಡ ಮನಸ್ಸು" ಎಂದರು ಅಪ್ಪ, ಮತ್ತೊಮ್ಮೆ ಕೈಮುಗಿದು.

ಪ್ರೇಮಲೀಲಾಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವಳು ಬೆಳಗಿನಿಂದ ಹೆದರಿಕೊಂಡಿದ್ದ ಮಾತುಗಳು ಆಡಿ ಮುಗಿದಿದ್ದವು. ಅಪ್ಪ ಹೇಳಬೇಕಾದ್ದನ್ನು ಹೇಳಿದ್ದರು, ಅಂಬುಜಮ್ಮನವರು ನಿಜವನ್ನೇ ಹೇಳಿದ್ದರು. ಅಪ್ಪ ಅದನ್ನು ಸೌಜನ್ಯ ಎಂದುಕೊಂಡರು, ಅಂಬುಜಮ್ಮನವರು ಅಪ್ಪನದನ್ನು ಸೌಜನ್ಯ ಎಂದುಕೊಂಡರು. ಒಬ್ಬರ ಮರ್ಯಾದೆಯ ಮೇಲೆ ಇನ್ನೊಬ್ಬರ ಮರ್ಯಾದೆ ಕೂತು, ನಡುವೆ ಅವಳು ಸುರಕ್ಷಿತವಾಗಿದ್ದಳು. ಜಗುಲಿಯ ಮೆಟ್ಟಿಲ ಮೇಲೆ ಕೂತಳು. ಇನ್ನು ಸ್ವಲ್ಪ ಹೊತ್ತು. ಅಪ್ಪ ಎದ್ದು ಗುರುಸಿದ್ದಯ್ಯನವರ ಅಂಗಡಿಗೆ ಹೋಗಿ ಮಲಗುತ್ತಾರೆ, ಬೆಳಗಿನ ಬಸ್ಸು ಹಿಡಿಯುತ್ತಾರೆ. ಪರೀಕ್ಷೆಯವರೆಗೆ ಮತ್ತೆ ಬರುವುದಿಲ್ಲ.

"ಹೊತ್ತಾಯ್ತು. ಊಟ ಆಯ್ತೇ ಮೇಷ್ಟ್ರೇ?" ಎಂದು ಕೇಳಿದರು ಅಂಬುಜಮ್ಮ.

"ಆಯ್ತು ತಾಯಿ. ದಾರೀಲೇ ಆಯ್ತು" ಎಂದರು ಅಪ್ಪ. "ಹೊಟ್ಟೆ ತುಂಬ್ಹೋಗ್ಯದೆ."

ಪ್ರೇಮಲೀಲಾ ತಲೆಯೆತ್ತಿ ನೋಡಿದಳು. ಅಪ್ಪನ ಹಣೆಯ ಮೇಲೆ ವಿಭೂತಿ ಇರಲಿಲ್ಲ. ನಸುಕಿನಲ್ಲಿ ಊರು ಬಿಡುವ ದಿನ ಅವರು ಪೂಜೆಯನ್ನು ಹೋದ ಊರಿನಲ್ಲಿ ಮಾಡುತ್ತಿದ್ದರು. ಪೂಜೆಯಾಗದೆ ಬಾಯಿಗೆ ನೀರಿನ ಹೊರತು ಏನೂ ಹಾಕುತ್ತಿರಲಿಲ್ಲ. ಹೋಟೆಲಿನ ಮೆಟ್ಟಿಲು ಹತ್ತಿದವರೇ ಅಲ್ಲ. ದಾರಿಯಲ್ಲಿ, ಕೆಟ್ಟ ಬಸ್ಸಿನ ಪಕ್ಕದಲ್ಲಿ, ಆಲೂಗೆಡ್ಡೆಯ ಮೂಟೆಗಳ ಮೇಲೆ ಅವರು ಎಲ್ಲಿ ಉಂಡಿರುತ್ತಾರೆ? ಅವರ ತುಟಿಯ ಎರಡು ಮೂಲೆಯಲ್ಲಿ ಬಿಳಿಯ ಪುಡಿ ಕಟ್ಟಿತ್ತು. ದನಿ ಮಾತ್ರ ಉಂಡವರ ದನಿಯಂತೆ, ನಿಧಾನವಾಗಿ, ತುಂಬಿಕೊಂಡಿತ್ತು. ಆ ದನಿ ಅವಳಿಗೆ ಗೊತ್ತಿತ್ತು, ಅದನ್ನು ಹೇಗೆ ಗಂಟಲಿನಿಂದ ತರಬೇಕು ಎಂಬುದೂ ಗೊತ್ತಿತ್ತು. ಮುಂದಿನದೂ ಕಣ್ಣ ಮುಂದೆ ಬಂತು. ಇಲ್ಲಿಂದ ಎದ್ದು ಅಂಗಡಿಗೆ ಹೋಗುತ್ತಾರೆ. ಶಿವನಂಜಮ್ಮ ಕೇಳಿದರೆ, ಹೊತ್ತು ಮೀರಿ ಬಂದು ಯಾಕೆ ತೊಂದರೆ ಕೊಡುವುದೆಂದು, ಲಕ್ಷ್ಮೀಪುರದಲ್ಲೇ ಆಯ್ತು ಎನ್ನುತ್ತಾರೆ. ಬಟ್ಟೆಯ ಗಂಟುಗಳ ನಡುವೆ ನೀರು ಕುಡಿದು ಮಲಗುತ್ತಾರೆ. ಸುಮ್ಮನಿದ್ದರೆ ಸಾಕು, ಅವಳ ಬಿ.ಎ. ಮುಗಿಯುತ್ತದೆ.

"ಇಲ್ಲ" ಎಂದಳು.

ಇಬ್ಬರೂ ಅವಳ ಕಡೆ ತಿರುಗಿದರು.

"ಅವರದು ಊಟ ಆಗಿಲ್ಲ ಅಮ್ಮಾ. ಬೆಳಗಿನಿಂದ ಏನೂ ತಿಂದಿಲ್ಲ." ಬಾಯಿಂದ ಬಂದ ಮಾತು ನಿಲ್ಲಲಿಲ್ಲ. "ನನ್ನದೂ ಆಗಿಲ್ಲ."

"ಏನವ್ವ ನೀನು?" ಎಂದರು ಅಪ್ಪ, ನಾಚಿಕೆಯಿಂದ ಕಿವಿಯವರೆಗೆ ಕೆಂಪಾಗಿ. "ಸುಮ್ನಿರು."

"ನಿನ್ನದು ಅಲ್ಲಿ ಆಗ್ಲಿಲ್ವೇ?" ಎಂದರು ಅಂಬುಜಮ್ಮ. "ಗುರುಸಿದ್ದಯ್ಯನವರ ಮನೇಲಿ?"

"ಅಲ್ಲಿ ಬೆಳಿಗ್ಗೆ ಮಾತ್ರ."

"ಬೆಳಿಗ್ಗೆ ಮಾತ್ರ ಅಂದ್ರೆ? ಮತ್ತೆ ರಾತ್ರಿ?"

ಪ್ರೇಮಲೀಲಾ ಸೆರಗಿನ ತುದಿ ನೋಡುತ್ತ ಕೂತಳು. ರಸ್ತೆಯಲ್ಲಿ ಒಂದು ಜಟಕಾ ಹೋಯಿತು, ಅದರ ಸದ್ದು ತಿರುವಿನವರೆಗೂ ಕೇಳಿಸಿತು.

"ಎಷ್ಟು ದಿನದಿಂದ?" ಅಂಬುಜಮ್ಮನವರ ದನಿ ಬೇರೆಯಾಗಿತ್ತು.

"ಬಂದಾಗಿನಿಂದ."

"ಅಯ್ಯೋ ದೇವರೇ. ಆ ಕೋಣೇಲಿ? ಆ ಗೋಡೆಯಿಂದಾಚೆ?" ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಅಳುತ್ತಾರೆ ಎಂದುಕೊಂಡಳು, ಅವರು ರೇಗಿದರು. ರೇಗಿದ್ದೂ ಅವಳ ಮೇಲಲ್ಲ. "ಮೇಷ್ಟ್ರೇ, ನೀವು ಅವತ್ತು ಕಾಫಿ ಬೇಡ ಅಂದ್ರಲ್ಲ!"

"ಕಾಫೀನಾ?" ಅಪ್ಪ ಕಂಗಾಲಾದರು. "ಕಾಫಿ ಕುಡಿದ್ರೆ ನಂಗೆ ನಿದ್ದೆ ಬರಲ್ಲ ತಾಯಿ."

"ನಿದ್ದೆ! ನಾನಂದ್ಕೊಂಡೆ, ನೀವು ಲಿಂಗವಂತರು, ನಮ್ಮ ಕೈಯಿಂದ ಏನೂ ತಗೊಳ್ಳಲ್ಲ ಅಂತ. ನಮ್ಮನೆಯವರ ಜೊತೆ ಕಚೇರಿಲಿ ಒಬ್ಬರಿದ್ರು ನಿಮ್ಮೋರು. ಇಷ್ಟು ವರ್ಷ ಮನೆಗೆ ಬಂದು ಹೋಗಿ ಮಾಡಿದ್ರೂ ಒಂದು ದಿನ ಒಂದು ಲೋಟ ನೀರು ಮುಟ್ಟಲಿಲ್ಲ ಆ ಪುಣ್ಯಾತ್ಮ. ಈ ಮಗೂಗೆ ಕೊಡೋಕೆ ಹೋಗಿ, ಅದು ಬೇಡಾನ್ನೋಕೂ ಆಗದೆ, ತಿನ್ನೋಕೂ ಆಗದೆ ಕಷ್ಟಪಟ್ಟೀತು ಅಂತ ನಾನು ತಡ್ಕೊಂಡು, ತಡ್ಕೊಂಡು..." ಸೆರಗಿನಿಂದ ಮೂಗು ಒರೆಸಿಕೊಂಡರು. "ಈಗಾದ್ರೂ ಹೇಳಿ. ಉಣ್ತೀರೋ ಇಲ್ವೋ? ಸುಳ್ಳು ಹೇಳ್ಬೇಡಿ."

ಪ್ರೇಮಲೀಲಾ ಅಪ್ಪನನ್ನು ನೋಡಿದಳು. ಅವರ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಯ ಕಡೆ ಹೋಗಿ ಅಲ್ಲೇ ನಿಂತಿತ್ತು. ಅಪ್ಪ ಜೀವಮಾನದಲ್ಲಿ ಬ್ರಾಹ್ಮಣರ ಮನೆಯಲ್ಲಿ ಉಂಡವರಲ್ಲ. ಅವತ್ತಿನ ಕಾಫಿ ಬರೀ ಕಾಫಿಯಾಗಿತ್ತೋ ಇಲ್ಲವೋ ಅವರಿಗೇ ಗೊತ್ತಿರಲಾರದು. ಆಮೇಲೆ ಅವರು ಮಗಳ ಕಡೆ ನೋಡಿದರು. ಮುಖವನ್ನಲ್ಲ, ಬಳೆ ಮೊಣಕೈಯವರೆಗೆ ಜಾರಿದ್ದ ಅವಳ ಕೈಯನ್ನು.

"ಒಂದು ಬಿಂದಿಗೆ ನೀರು ಕೊಡಿ ತಾಯಿ" ಎಂದರು. "ಸ್ನಾನ, ಪೂಜೆ ಮುಗಿಸ್ಕೊಳ್ತೀನಿ. ಆಮೇಲೆ ಊಟಕ್ಕೆ ಕೂತ್ಕೊಳ್ತೀವಿ."

ಪೂಜೆಗೆ ಅವಳ ಕೋಣೆಯಲ್ಲೇ ಕೂತರು. ಅಂಗೈಯ ಮೇಲಿನ ಲಿಂಗಕ್ಕೆ ನೀರು ಬಿಟ್ಟು, ಕರಡಿಗೆಯನ್ನು ಕಟ್ಟಿಕೊಳ್ಳುತ್ತ, "ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು.

"ಹೇಳಿದ್ರೆ ಕರ್ಕೊಂಡು ಹೋಗ್ತಿದ್ರಿ."

ಅಪ್ಪ ಯೋಚಿಸಿದರು. ಅವರು ಯಾವುದನ್ನೂ ಯೋಚಿಸದೆ ಇಲ್ಲ ಎನ್ನುವವರಲ್ಲ. "ಹೂಂ" ಎಂದರು. "ಕರ್ಕೊಂಡು ಹೋಗ್ತಿದ್ದೆ." ಅಷ್ಟು ಹೇಳಿ ಎದ್ದರು. ಈಗ ಏನು ಮಾಡುತ್ತಾರೆ ಎಂದು ಹೇಳಲಿಲ್ಲ. ಅವಳಿಗೆ ಕೇಳಲು ಧೈರ್ಯವಾಗಲಿಲ್ಲ. ಮೂಲೆಯಲ್ಲಿದ್ದ ಟ್ರಂಕಿನ ಮೇಲೆ ಅಪ್ಪನ ಒದ್ದೆ ಪಂಚೆ ಹರಡಿಕೊಂಡಿತ್ತು.

ಅಂಬುಜಮ್ಮನವರು ಎಲೆ ಹಾಕಿದ್ದು ನಡುಮನೆಯಲ್ಲಿ, ಅಡಿಗೆಮನೆಯ ಬಾಗಿಲಿನಿಂದ ಈಚೆಗೆ. ಒಳಗಿನಿಂದ ತಂದು ತಂದು ಬಡಿಸಿದರು. ಅವರ ಸೀರೆ ಪ್ರತಿ ಸಲವೂ ಆ ಹೊಸಿಲನ್ನು ಸವರಿಕೊಂಡು ಬರುತ್ತಿತ್ತು, ಹೋಗುತ್ತಿತ್ತು. ಪ್ರೇಮಲೀಲಾಗೆ ಅದು ಕಂಡಿತು. ಅಪ್ಪನಿಗೂ ಕಂಡಿರಬೇಕು. ಅಂಬುಜಮ್ಮನವರು ಬರಲು ಸಾಧ್ಯವಿದ್ದಷ್ಟು ದೂರ ಬಂದಿದ್ದರು, ಅಪ್ಪನೂ ಅಷ್ಟೇ. ಸಾರಿನ ಹಬೆ ಮೂಗಿಗೆ ತಾಕಿದಾಗ ಈ ಲೆಕ್ಕವೆಲ್ಲ ಎಲ್ಲಿಗೋ ಹೋಯಿತು. ಗೋಡೆಯಾಚೆಯಿಂದ ಬರುತ್ತಿದ್ದ ವಾಸನೆಗಿಂತ ನಿಜವಾದ ಸಾರಿಗೆ ಉಪ್ಪು ಸ್ವಲ್ಪ ಕಡಮೆ ಇತ್ತು. ತಲೆ ಬಗ್ಗಿಸಿ ಉಂಡಳು. ಅಗಿಯುವ ಸದ್ದು ತನಗೇ ಕೇಳಿಸಿತು.

"ಇನ್ನೊಂದು ಚೂರು ಅನ್ನ?" ಎಂದು ಅಂಬುಜಮ್ಮನವರು ಪಾತ್ರೆ ಹಿಡಿದು ಬಂದು ಬಗ್ಗಿದರು.

ಎರಡು ಎಡಗೈಗಳು ಒಟ್ಟಿಗೆ ಎಲೆಗಳ ಮೇಲೆ ಅಡ್ಡ ಬಂದವು. ಒಂದು ಅಪ್ಪನದು, ಒಂದು ಅವಳದು. ಬೆರಳುಗಳು ಒಂದೇ ರೀತಿ ಸ್ವಲ್ಪ ಬಾಗಿ, ಹೆಬ್ಬೆರಳು ಒಂದೇ ರೀತಿ ಹೊರಗೆ ಚಾಚಿಕೊಂಡು. ಅಂಬುಜಮ್ಮನವರು ಸೌಟು ಎತ್ತಿ ಹಿಡಿದವರು ಹಾಗೇ ನಿಂತರು. ಒಂದು ಕೈ ನೋಡಿದರು, ಇನ್ನೊಂದು ಕೈ ನೋಡಿದರು.

ಅಪ್ಪ ಮಗಳ ಕೈಯನ್ನು ನೋಡುತ್ತಿದ್ದರು. ಯಾರದೋ ಮನೆಯಲ್ಲಿ ತಮ್ಮ ಸಾಮಾನೊಂದು ಕಂಡಂತೆ ನೋಡುತ್ತಿದ್ದರು. ಆಮೇಲೆ ತಮ್ಮ ಕೈಯನ್ನು ಎಲೆಯ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹಾಕಿ ತಾಯಿ" ಎಂದರು. ಆ ಮಾತು ಅವರಿಗೆ ಸಲೀಸಾಗಿ ಬರಲಿಲ್ಲ. "ಇನ್ನೂ ಹಸಿವಿದೆ. ಒಂದು ಸೌಟು ಸಾರೂ ಬಿಡಿ."

ಅಂಬುಜಮ್ಮನವರು ಬಡಿಸಿದರು.

"ನಾನು ಬೆಳಗಿನ ಬಸ್ಸಿಗೆ ಹೊರಡ್ತೀನಿ" ಎಂದರು ಅಪ್ಪ, ಅನ್ನದಲ್ಲಿ ಗುಂಡಿ ಮಾಡಿ ಸಾರು ನಿಲ್ಲಿಸುತ್ತ, ಯಾರ ಕಡೆಯೂ ನೋಡದೆ. "ಅವಳು ಕಾಲೇಜಿಗೆ ಹೋಗ್ಬೇಕಾದೋಳು. ಅವಳಿಗೂ ಹಾಕಿ."

ಪ್ರೇಮಲೀಲಾ ಕೈ ತೆಗೆದಳು. ಒಂದು ಸೌಟು ಬಿತ್ತು. ಸಾಕು ಎನ್ನಬೇಕಾದ ಹೊತ್ತು ಬಂತು. ಅವಳು ಅನ್ನಲಿಲ್ಲ. ಇನ್ನೊಂದು ಬಿತ್ತು.